ವೈರ್ ಕಿತ್ತ ಉಚ್ಚಂಗಮ್ಮ

ಜಗಳೂರಿನಲ್ಲಿ ಉಚ್ಚಂಗಮ್ಮ ಎಂಬ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಆದರೆ ‘ವೈರ್ ಕಿತ್ತ ಉಚ್ಚಂಗಮ್ಮ’ ಇದ್ದದ್ದು ಒಬ್ಬಳೇ. ಬಸ್ ಸ್ಟ್ಯಾಂಡಿನ ಹೂವಿನವಳನ್ನು ಕೇಳಿದರೂ ಬೆರಳು ಮಾಡಿ ತೋರಿಸುತ್ತಿದ್ದಳು. ಇನ್ನು ನಿಜ ಕೇಳುತ್ತೀರೋ, ಆ ಹೆಸರು ಬಿದ್ದಾಗ ಅವಳು ತನ್ನ ಜನ್ಮದಲ್ಲಿ ಒಂದು ವೈರನ್ನೂ ಕಿತ್ತಿರಲಿಲ್ಲ.

ಆಗಿದ್ದು ಇಷ್ಟು. ಅವಳು ಕಸ ಗುಡಿಸುವ ಬೀಜ ಬೆಳೆಗಾರರ ಸಂಘಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲೂ ಕಚೇರಿಗಳಿವೆ. ದೊಡ್ಡ ಕಂಪ್ಯೂಟರ್ ಮಾತ್ರ ಇರುವುದು ಜಗಳೂರಿನ ಒಳಕೋಣೆಯಲ್ಲಿ. ಗೋವಿನಕೋವಿಯ ರೈತ ನ್ಯಾಮತಿಯಲ್ಲಿ ಬಿತ್ತನೆ ಬೀಜಕ್ಕೆ ಹೆಸರು ಬರೆಸಿದರೂ ಅದು ಬಂದು ಕೂರುವುದು ಇಲ್ಲೇ. ಹೋದ ವರ್ಷ ಬಿತ್ತನೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಅರ್ಧ ತಾಸು ತಡೆಯಿತು. ಆಮೇಲೆ ಕಂಪ್ಯೂಟರ್ ಓಡುತ್ತಿದ್ದ ಹಾಗೆಯೇ ಫಕ್ಕನೆ ನಿಂತಿತು. ಎರಡು ಸಾವಿರ ಹೆಸರು ಅಳಿಸಿಹೋಗಿ, ನಾಲ್ಕೂ ಊರಲ್ಲಿ ರೈತರು ಬಿಸಿಲಲ್ಲಿ ಮತ್ತೆ ಸಾಲು ನಿಂತರು.

ಆ ಹೊತ್ತಿಗೆ ಕೋಣೆಯಲ್ಲಿದ್ದವಳು ಉಚ್ಚಂಗಮ್ಮ ಒಬ್ಬಳೇ. ಪೊರಕೆಗೆ ವೈರ್ ಸಿಕ್ಕಿರಬೇಕು ಎಂದು ಯಾರೋ ಅಂದರು. ಅಧ್ಯಕ್ಷ ಜಯಪ್ಪನವರು ಹಿಂದೆಮುಂದೆ ನೋಡದೆ ಅದನ್ನೇ ಸಭೆಯಲ್ಲಿ ಹೇಳಿಬಿಟ್ಟರು. ಅಲ್ಲಿಂದ ನೆಂಟರ ಮನೆಗೆ ಹೋದರೂ, ನಮ್ಮ ಟಿವಿ ವೈರ್ ಹುಷಾರಮ್ಮ ಎಂಬ ತಮಾಷೆ. ಅವಳೂ ನಕ್ಕಂತೆ ಮಾಡಿ, ಮನೆಗೆ ಬಂದು ಒಳಗೊಳಗೇ ನೊಂದುಕೊಳ್ಳುತ್ತಿದ್ದಳು.

ಆದರೆ ಅವಳು ಆವತ್ತು ಒಂದನ್ನು ಕಣ್ಣಾರೆ ಕಂಡಿದ್ದಳು. ಎಲ್ಲಕ್ಕಿಂತ ಮೊದಲು ಕಣ್ಣು ಮುಚ್ಚಿದ್ದು ಗೋಡೆಯ ಸಣ್ಣ ಪೆಟ್ಟಿಗೆ. ಸಾಲಾಗಿ ಹಸಿರು ದೀಪ ಮಿಣುಕುವ ಅದನ್ನು ಓದಿದವರು ಸ್ವಿಚ್ ಅನ್ನುತ್ತಾರೆ. ಒಂದು ಪೆಟ್ಟಿಗೆಯ ಮಾತು ಇನ್ನೊಂದಕ್ಕೆ ಹೋಗುವುದೆಲ್ಲ ಅದರ ಮೂಲಕವೇ. ಇದನ್ನು ಅವಳು ಹೇಳಿದ್ದಳು, ಕೇಳಿದವರು ಯಾರು?

ಈ ವರ್ಷ ಹೊಸ ಯುಪಿಎಸ್, ಹೊಸ ಬ್ಯಾಟರಿ ಬಂತು. ಕೂರಿಸಲು ಚನ್ನಗಿರಿಯಿಂದ ವಿನಯ್ ಕುಮಾರ್ ಎಂಬ ಇಂಜಿನಿಯರ್ ಬಂದ. ಹುಡುಗ ಒಳ್ಳೆಯವನೇ, ಕೇಳಿದ್ದಕ್ಕೆ ಬೇಸರವಿಲ್ಲದೆ ವಿವರಿಸಿದ. ಕರೆಂಟು ಹೋಗಿ ಕಾಲು ತಾಸಾದರೆ ಯುಪಿಎಸ್ಸೇ ದೊಡ್ಡ ಕಂಪ್ಯೂಟರಿಗೆ, ಎಲ್ಲ ಎತ್ತಿಟ್ಟು ಮಲಗು ಎಂದು ಹೇಳಿಕಳಿಸುತ್ತದೆ. ಬ್ಯಾಟರಿ ಉಳಿಯಲೆಂದು ಸಣ್ಣಪುಟ್ಟ ಪೆಟ್ಟಿಗೆಗಳು ಐದೇ ನಿಮಿಷಕ್ಕೆ ಆರುತ್ತವೆ. ಹಾಗಾದರೆ ಈ ಹಸಿರು ದೀಪದ್ದನ್ನೂ ಮೊದಲೇ ಶಾಂತ ಮಾಡುತ್ತದಾ ಎಂದು ಉಚ್ಚಂಗಮ್ಮ ಕೇಳಿದಳು. ದೀಪ ಆರಿಸು ಎನ್ನುವ ಮಾತು ಅವಳ ಮನೆಯಲ್ಲಿ ಬಾಯಿಗೆ ಬರುವುದಿಲ್ಲ, ಶಾಂತ ಮಾಡು ಎಂದೇ ಅನ್ನಬೇಕು. ಶಾಂತ ಅಲ್ಲಮ್ಮ, ಶಟ್‌ಡೌನ್ ಎಂದು ಅವನು ನಕ್ಕ. ಪ್ರಶ್ನೆ ಆ ನಗುವಿನಲ್ಲೇ ಹೋಯಿತು.

ಮಂಗಳವಾರ ಲೈನ್ ಕೆಲಸವೆಂದು ಹತ್ತರಿಂದ ಒಂದರವರೆಗೆ ಕರೆಂಟು ತೆಗೆಯುವವರಿದ್ದರು. ಪರೀಕ್ಷೆ ಆಗೇ ಆಗಲಿ ಎಂದರು ಜಯಪ್ಪ. ಉಚ್ಚಂಗಮ್ಮ ಒಳಗೆ ಬರಹೋದರೆ, “ನೀನು ಹೊಸ್ತಿಲಾಚೆ ನಿಲ್ಲಮ್ಮ” ಎಂದರು. ಅವಳು ಎರಡೂ ಕೈ ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಕಟ್ಟಿಕೊಂಡು ಹೊಸ್ತಿಲಾಚೆ ನಿಂತಳು.

ಕರೆಂಟು ಹೋಯಿತು. ಐದು ನಿಮಿಷಕ್ಕೆ ಹಸಿರು ದೀಪಗಳು ಆರಿದವು. ಕಾಲು ತಾಸಾಯಿತು, ಇಪ್ಪತ್ತು ನಿಮಿಷವಾಯಿತು, ದೊಡ್ಡ ಕಂಪ್ಯೂಟರ್ ಗುಂಯ್ ಎನ್ನುತ್ತಲೇ ಇತ್ತು. ಯುಪಿಎಸ್ ಕೂಗತೊಡಗಿತು. ವಿನಯ್ ಲ್ಯಾಪ್‌ಟಾಪ್ ಕುಟ್ಟಿದ್ದೇ ಕುಟ್ಟಿದ್ದು, ಆಚೆಯಿಂದ ಉತ್ತರವಿಲ್ಲ. ಆ ದೊಡ್ಡದಕ್ಕೆ ಸ್ವಂತ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಬೆಳಿಗ್ಗೆ ನ್ಯಾಮತಿಯಿಂದ ಬಂದ ಹೆಸರುಗಳಿಗೆ ಇನ್ನೂ ನಕಲು ತೆಗೆದಿರಲಿಲ್ಲ ಎಂದು ಅವನು ಬೆವರುತ್ತ ಒಪ್ಪಿಕೊಂಡ.

ಉಚ್ಚಂಗಮ್ಮನಿಗೆ ಒಂದು ಗಳಿಗೆ ಆಸೆ ಹುಟ್ಟಿತು, ಸುಳ್ಳೇಕೆ? ಸುಮ್ಮನಿದ್ದರೆ ಸಾಕಿತ್ತು. ಅವಳು ಹೊಸ್ತಿಲಾಚೆ ಇರುವಾಗಲೇ ಅದು ಸತ್ತರೆ, ಅವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಮತ್ತೆ ಬಿಸಿಲಲ್ಲಿ ಸಾಲು ನಿಲ್ಲುವವರು ಕಣ್ಣಮುಂದೆ ಬಂದರು. ಅವಳ ಕೈಯಲ್ಲಿ ಸುಮ್ಮನಿರಲಾಗಲಿಲ್ಲ.

“ಸಾರ್, ಹೇಳಿಕಳ್ಸೋ ದಾರೀನೇ ಬಂದ್ ಆಗೈತೆ. ಮೊದ್ಲು ಆ ಸಣ್ಣ ಪೆಟ್ಟಿಗೆ ಹಚ್ಚ್ರಿ. ಕೈಯಾಗಿನ ದೀಪ ಶಾಂತ ಮಾಡಿ ಆಮೇಲೆ ಬಾಗ್ಲು ಹಾಕಾಕೆ ಹೋದ್ರೆ ಹೆಂಗ್ರೀ?”

ವಿನಯ್ ಅವಳ ಮುಖ ನೋಡಿದ, ಗೋಡೆ ನೋಡಿದ, ಹಣೆ ಚಚ್ಚಿಕೊಂಡ. ಸ್ವಿಚ್ಚಿಗೆ ಯುಪಿಎಸ್ಸಿನಿಂದಲೇ ಮತ್ತೆ ಜೀವ ಕೊಟ್ಟ. ಹಸಿರು ದೀಪ ಒಂದೊಂದಾಗಿ ಕಣ್ಣು ಬಿಡಲು ಎರಡು ನಿಮಿಷ ಹಿಡಿಯಿತು. ಆಮೇಲೆ ದೊಡ್ಡ ಕಂಪ್ಯೂಟರ್ ತನ್ನ ಸಾಮಾನೆಲ್ಲ ಎತ್ತಿಟ್ಟು ಮೆಲ್ಲಗೆ ಮಲಗಿತು. ಬ್ಯಾಟರಿ ಇನ್ನೂ ಒಂದು ನಿಮಿಷ ಉಳಿದಿತ್ತು.

“ಹಳೇ ಸೆಟ್ಟಿಂಗ್ ನೋಡ್ದೆ ಹಂಗೇ ಇಳ್ಸಿದ್ದೆ ಸಾರ್,” ಎಂದ ವಿನಯ್ ಜಯಪ್ಪನವರಿಗೆ. “ಹೋದ ವರ್ಷಾನೂ ಇದೇ ಆಗಿರೋದು. ಇವರು ಏನೂ ಕಿತ್ತಿಲ್ಲ.”

ಜಯಪ್ಪ ಹೊರಗೆ ಹೋಗಿ, ಸಂಜೆ ಕಚೇರಿಯವರೆಲ್ಲ ಇಲ್ಲಿಗೆ ಬರಬೇಕೆಂದು ಹೇಳಿದರು.

ಕರೆಂಟು ಬಂದು, ಬ್ಯಾಟರಿ ತುಂಬಿ, ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಪರೀಕ್ಷೆ. ವಿನಯ್ ಸರದಿ ಬದಲಿಸಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಕೊನೆಯ ಸಾಲು, ‘ಎಲ್ಲ ಮಲಗಿದ ಮೇಲೆ ಸಣ್ಣ ಪೆಟ್ಟಿಗೆ ಶಾಂತ ಮಾಡುವುದು’. ಕಚೇರಿಯವರೆಲ್ಲ ಬಂದು ನೆರೆದಿದ್ದರು. ಈಗ ಕರೆಂಟು ತೆಗೆಯಲು ಗೋಡೆಯಿಂದ ಯುಪಿಎಸ್ಸಿನ ವೈರ್ ಕೀಳಬೇಕಿತ್ತು. ವಿನಯ್ ಬಗ್ಗಿದ. ಜಯಪ್ಪ ಅವನ ಭುಜ ಹಿಡಿದು ನಿಲ್ಲಿಸಿ, ಹೊಸ್ತಿಲ ಕಡೆ ತಿರುಗಿದರು.

“ಒಳಗೆ ಬರ್ರಿ ಉಚ್ಚಂಗಮ್ಮಾರೆ. ಎಲ್ಲಾರ ಮುಂದೆ ಹೇಳ್ತೀನಿ, ತಪ್ಪು ನಂದು. ವೈರ್ ನೀವೇ ಕೀಳ್ರಿ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಬಗ್ಗಿ ವೈರ್ ಹಿಡಿದು ಕಿತ್ತಳು. ಒಂದರ ಹಿಂದೆ ಒಂದು ಎಲ್ಲವೂ ಸರದಿ ತಪ್ಪದೆ ಮಲಗಿದವು. ಕಟ್ಟಕಡೆಗೆ ಹಸಿರು ದೀಪಗಳು ಶಾಂತವಾದವು.

ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳು ಎಂದಿನಂತೆ ಕೆಣಕಿದಳು, ಏನು ವೈರ್ ಕಿತ್ತ ಉಚ್ಚಂಗಮ್ಮ, ಎಲ್ಲಿಗೆ ಹೊರಟೆ ಎಂದು.

“ಹೂಂ, ನಾನೇ ಕಿತ್ತಿದ್ದು,” ಎಂದಳು ಉಚ್ಚಂಗಮ್ಮ, ಹೂ ಮುಡಿದುಕೊಳ್ಳುತ್ತ. “ಅಧ್ಯಕ್ಷರೇ ಕರೆದು ಕೀಳ್ಸಿದ್ರು.”