ಹದಿನಾಲ್ಕನೇ ತಲೆ

"ಹನ್ನೆರಡು, ಹದಿಮೂರು, ಹದಿನಾಲ್ಕು."

ಕೊನೆಯ ತಲೆಯನ್ನು ಮುಟ್ಟಿ ಎಣಿಸಿದ ಮೇಲೆ ರೊಕಿಯಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಗುಹೆಯ ಬಾಯಿಯ ಹೊರಗೆ, ಕಾಲಿಗೆ ನೆಲ ಸಿಗದ ಹಸಿರು ನೀರಿನಲ್ಲಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತೇಲುತ್ತಿದ್ದರು. ಒಳಗೆ ಕರೆದುಕೊಂಡು ಹೋದದ್ದು ಹದಿನಾಲ್ಕು ಜನರನ್ನು. ಹೊರಗೆ ಬಂದದ್ದೂ ಹದಿನಾಲ್ಕು.

"ಆಯ್ತಾ?" ದೋಣಿಯ ಮೇಲಿನಿಂದ ಅವಳ ಭಾವ ಹಾರೂನ್ ಕೂಗಿದ.

"ಆಯ್ತು ಭಾವ. ಏಣಿ ಬಿಡಿ."

ಐದು ವರ್ಷಗಳಿಂದ ರೊಕಿಯಾ ಈ ದೋಣಿಯ ಹಿಂಬದಿಯಲ್ಲಿ ಕೂತು ಅನ್ನ ಬಡಿಸಿದ್ದಳು, ಅನಾನಸ್ ಹೆಚ್ಚಿದ್ದಳು, ವಾಂತಿ ಮಾಡುವವರ ಬೆನ್ನು ಸವರಿದ್ದಳು. ಗುಹೆಯೊಳಕ್ಕೆ ಜನರನ್ನು ಕರೆದೊಯ್ಯುವುದು ಅವಳ ಗಂಡ ಯಾಕೋಬನ ಕೆಲಸ. ಮೊನ್ನೆ ಅವನ ಕಿವಿ ಸೋರತೊಡಗಿ, ಹತ್ತು ದಿನ ನೀರಿಗೆ ಇಳಿಯಕೂಡದೆಂದು ಡಾಕ್ಟರು ಹೇಳಿದ್ದರು. ಪತ್ತಲುಂಗ್ ಪಟ್ಟಣದಿಂದ ಬರುವ ಕುಟುಂಬಕ್ಕೆ ಆಗಲೇ ಮಾತು ಕೊಟ್ಟಾಗಿತ್ತು. "ನಿಂಗಿಂತ ಚೆನ್ನಾಗಿ ಈಜೋರು ಈ ದ್ವೀಪದಲ್ಲಿ ಯಾರಿದಾರೆ? ಹೋಗೇ," ಎಂದಿದ್ದ ಯಾಕೋಬ್. ಈಜು ಅವಳಿಗೆ ನಡಿಗೆಯಷ್ಟೇ ಸುಲಭ, ನಿಜ. ಆದರೆ ಕತ್ತಲೆಯಲ್ಲಿ ಹದಿನಾಲ್ಕು ಜನರ ಜೀವವನ್ನು ಬೆನ್ನಿಗೆ ಕಟ್ಟಿಕೊಂಡು ಈಜುವುದು ಬೇರೆ. ಹಿಂದಿನ ರಾತ್ರಿ ಅವಳಿಗೆ ಊಟ ಸೇರಿರಲಿಲ್ಲ.

ಪಚ್ಚೆ ಗುಹೆ ಎಂದರೆ ಬಂಡೆಯೊಳಗಿನ ಒಂದು ಸುರಂಗ. ಎಂಬತ್ತು ಮೀಟರು ಈಜಿದರೆ ಆಚೆ ಬದಿಗೆ ಬಾವಿಯ ತಳದಂಥ ಪುಟ್ಟ ಮರಳ ದಂಡೆ, ಮೇಲೆ ದುಂಡಗಿನ ಆಕಾಶ. ಅದನ್ನು ನೋಡಲೆಂದೇ ಜನ ಬರುತ್ತಾರೆ. ನಡುವಿನ ತಿರುವಿನಲ್ಲಿ ಎರಡೂ ಕಡೆಯ ಬೆಳಕು ಸತ್ತುಹೋಗುತ್ತದೆ. ಮುಂದಿನವರ ಜಾಕೆಟ್ಟಿನ ಬೆನ್ನುಪಟ್ಟಿಯನ್ನು ಹಿಂದಿನವರು ಹಿಡಿದುಕೊಂಡು ಸರಪಳಿಯಾಗಿ ಸಾಗಬೇಕು. ಹಣೆಯ ಮೇಲೆ ದೀಪ ಇರುವುದು ಎಲ್ಲರ ಮುಂದೆ ಈಜುವವರಿಗೆ ಮಾತ್ರ. ಇವತ್ತು ಹೊರಗೆ ಬರುವಾಗ ಆ ತಿರುವಿನಲ್ಲೇ ಲೆಪ್‌ನ ಸರಪಳಿ ಎದುರಾಗಿತ್ತು. ಲೆಪ್ ಪಕ್ಕದ ದೋಣಿಯವನು, ಬ್ಯಾಂಕಾಕಿನಿಂದ ಬಂದ ಇಪ್ಪತ್ತು ಜನರನ್ನು ಒಳಗೆ ಕರೆದೊಯ್ಯುತ್ತಿದ್ದ. ಅದೇ ಹೊತ್ತಿಗೆ ಒಂದು ದೊಡ್ಡ ಅಲೆ ಒಳನುಗ್ಗಿ ಎರಡೂ ಸಾಲುಗಳನ್ನು ಬಂಡೆಗೆ ಒತ್ತಿತ್ತು. ಕೂಗಾಟ, ನಗು, ಯಾರದೋ ಮೊಣಕೈ, ಯಾರದೋ ಕಾಲು. "ಪಟ್ಟಿ ಹಿಡ್ಕೊಳ್ಳಿ! ಎಲ್ರೂ ಪಟ್ಟಿ ಹಿಡ್ಕೊಳ್ಳಿ!" ಎಂದು ರೊಕಿಯಾ ಕಿರುಚಿದ್ದಳು. ಹಿಡಿದುಕೊಂಡಿದ್ದರು. ಅದಕ್ಕೇ ತಾನೇ ಈಗ ಹದಿನಾಲ್ಕು ತಲೆ.

ಒಬ್ಬೊಬ್ಬರಾಗಿ ಏಣಿ ಹತ್ತಿದರು. ಕೊನೆಗೆ ಹತ್ತಿದ ರೊಕಿಯಾ ತಲೆವಸ್ತ್ರ ಹಿಂಡಿಕೊಳ್ಳುತ್ತಿದ್ದಳು. ಆಗ ಉರೈ ಎನ್ನುವ ಅರವತ್ತು ದಾಟಿದ ಹೆಂಗಸು, ಹಿಂದೆ ನಿಂತವರತ್ತ ತಿರುಗದೆಯೇ ಟವೆಲ್ ಚಾಚಿ ಮಾತಾಡತೊಡಗಿದಳು.

"ತಗೋ ಅಕ್ಕ, ಮೊದ್ಲು ತಲೆ ಒರೆಸ್ಕೋ. ಗುಹೆ ತುಂಬಾ ಒಂದು ಮಾತಿಲ್ಲ, ಒಂದು ಬೈಗುಳ ಇಲ್ಲ. ಸಮುದ್ರಕ್ಕೆ ಬಂದು ಒಳ್ಳೆ ಬುದ್ಧಿ ಕಲಿತ್ಯಾ ಅಂತ!"

"ಥ್ಯಾಂಕ್ಸ್ ಆಂಟಿ," ಎಂದಿತು ಒಂದು ಗಂಡು ದನಿ.

ಉರೈ ತಿರುಗಿದಳು. ಹಿಂದೆ ಇಪ್ಪತ್ತೈದರ ಒಬ್ಬ ದಪ್ಪನೆಯ ಯುವಕ ಟವೆಲ್ ಹಿಡಿದು ನಿಂತಿದ್ದ. ಅವನೂ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ.

"ಇದು... ಇದು ದಂಡೆ ಅಲ್ವಲ್ಲ? ಮರಳಿದೆ ಅಂದಿದ್ರು. ನಮ್ಮೋರೆಲ್ಲ ಎಲ್ಲಿ?"

"ನೀನ್ಯಾರೋ? ನಮ್ಮಕ್ಕ ಎಲ್ಲಿ?" ಉರೈ ಅವನ ಎದೆಗೆ ಗುದ್ದಿದಳು. "ನನ್ ಬೆನ್ನು ಹಿಡ್ಕೊಂಡಿದ್ದು ನೀನಾ? ಅಯ್ಯೋ, ನಮ್ಮಕ್ಕ! ಪ್ರಯೋಂಗಕ್ಕಾ!"

ರೊಕಿಯಾ ದೋಣಿಯ ಈ ತುದಿಯಿಂದ ಆ ತುದಿಗೆ ಓಡಿದಳು. ಬೆಳಿಗ್ಗೆ ದೋಣಿ ಹತ್ತುವಾಗಿನಿಂದ ಎಲ್ಲರನ್ನೂ ಗದರಿಸುತ್ತಿದ್ದ ಪ್ರಯೋಂಗಮ್ಮ, ಪತ್ತಲುಂಗಿನ ಪೇಟೆಯಲ್ಲಿ ಮೀನುಸಾರಿನ ಶಾವಿಗೆ ಅಂಗಡಿ ಇಟ್ಟಿರುವಾಕೆ, "ಎಲ್ಲರ ಮೇಲೂ ಕಣ್ಣಿಡೋಕೆ ನಾನೇ ಕೊನೇಲಿರ್ತೀನಿ" ಎಂದು ಹಟ ಹಿಡಿದು ಸರಪಳಿಯ ತುದಿಗೆ ಸೇರಿಕೊಂಡಿದ್ದಾಕೆ, ದೋಣಿಯಲ್ಲಿ ಎಲ್ಲೂ ಇರಲಿಲ್ಲ. ರೊಕಿಯಾ ತಲೆ ಎಣಿಸಿದ್ದಳು. ಮುಖ ನೋಡಿರಲಿಲ್ಲ.

"ಅಲೆ ಬಂದಾಗ ನನ್ ಕೈ ಜಾರಿಹೋಯ್ತು," ಯುವಕ ತೊದಲಿದ. "ಕತ್ತಲಲ್ಲಿ ಒಂದು ಪಟ್ಟಿ ಸಿಕ್ತು, ಹಿಡ್ಕೊಂಡೆ. ನಮ್ಮೋರದ್ದೇ ಅನ್ಕೊಂಡೆ. ಎಲ್ಲಾ ಜಾಕೆಟ್ಟೂ ಒಂದೇ ಥರ ಅಲ್ವಾ ಅಕ್ಕ?"

ಹಾರೂನ್ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಗಾಬರಿ ಬೀಳ್ಬೇಡ. ಅಜ್ಜಿನೂ ಹಂಗೇ ಲೆಪ್‌ನ ಸಾಲು ಹಿಡ್ಕೊಂಡು ಒಳಗೆ ಹೋಗಿರ್ತಾಳೆ. ಅದಲು ಬದಲು. ಅವನ ಜೊತೆ ಹೊರಗೆ ಬರ್ತಾಳೆ ಬಿಡು."

"ಹಿಡ್ಕೊಳ್ದೇ ಇದ್ರೆ?"

ಹಾರೂನ್ ಏಣಿಯನ್ನು ಮತ್ತೆ ನೀರಿಗೆ ಇಳಿಬಿಟ್ಟ.

"ಒಳಗೆ ಯಾರೂ ಎಣಿಸಲ್ಲ ಭಾವ. ಲೆಪ್ ಎಣಿಸೋದು ಹೊರಗೆ ಬಂದ್ಮೇಲೆ. ಆಗ ಒಂದು ಕಮ್ಮಿ ಬಂದ್ರೆ..." ಅವಳು ಬಂಡೆಯತ್ತ ನೋಡಿದಳು. ಗುಹೆಯ ಬಾಯಿಯ ಪಕ್ಕದಲ್ಲಿ ಸಿಂಪಿ ಚಿಪ್ಪುಗಳು ಅಂಟಿಕೊಂಡು ಒಂದು ಬಿಳಿಯ ಗೆರೆ ಎಳೆದಂತಿದೆ. ನೀರು ಆ ಗೆರೆ ಮುಟ್ಟಿದ ಮೇಲೆ ಯಾರೂ ಒಳಗೆ ಹೋಗುವುದಿಲ್ಲ. ಸಮುದ್ರದ ಭರತ ಶುರುವಾಗಿ, ನೀರು ಏರತೊಡಗಿ ಆಗಲೇ ಗಂಟೆಯಾಗಿತ್ತು. ಗೆರೆಗೂ ನೀರಿಗೂ ನಡುವೆ ಉಳಿದದ್ದು ಒಂದು ಗೇಣು.

"ನಾನೇ ಹೋಗ್ತಿದ್ದೆ," ಎಂದ ಹಾರೂನ್. "ದೋಣಿ ಬಿಟ್ರೆ ಈ ಅಲೆಗೆ ಬಂಡೆಗೆ ಹೊಡೆಯುತ್ತೆ. ಇಷ್ಟು ಜನ ಇದಾರೆ."

"ಗೊತ್ತು."

ಉರೈ ಬಂದು ರೊಕಿಯಾಳ ಎರಡೂ ಕೈ ಹಿಡಿದುಕೊಂಡಳು. "ಮಗಳೇ, ಅವಳಿಗೆ ಈಜು ಬರಲ್ಲ. ಬೈಯೋದು ಬಿಟ್ರೆ ಇನ್ನೇನೂ ಬರಲ್ಲ ಅವಳಿಗೆ." ಹೇಳುತ್ತ ಹೇಳುತ್ತಲೇ ಅವಳ ಬಾಯಿ ಸೊಟ್ಟಗಾಗಿ ಅಳು ಬಂತು.

ರೊಕಿಯಾ ಹಣೆಯ ದೀಪ ಹೊತ್ತಿಸಿಕೊಂಡಳು. ಬಿಸ್ಮಿಲ್ಲಾ ಎಂದು ತುಟಿ ಅಲುಗಿಸಿ ನೀರಿಗೆ ಹಾರಿದಳು.

ಮೊದಲ ಹತ್ತು ಮಾರು ನೀರಿನ ಅಡಿಯಿಂದಲೇ ಬೆಳಕು ಬರುತ್ತದೆ. ಕೈಕಾಲುಗಳೆಲ್ಲ ಹಸಿರಾಗಿ ಕಾಣುತ್ತವೆ. ಆಮೇಲೆ ಆ ಹಸಿರು ಬೂದಿಯಾಯಿತು, ಬೂದಿ ಕಪ್ಪಾಯಿತು. ಬಾವಲಿಗಳ ಹಿಕ್ಕೆಯ ನಾತ ಮೂಗಿಗೆ ಅಡರಿತು. ಒಬ್ಬಳೇ ಇರುವಾಗ ಗುಹೆ ಬೇರೆಯೇ ಆಗಿತ್ತು. ಜನರಿದ್ದಾಗ ಕೂಗಾಟದಲ್ಲಿ ಕೇಳಿಸದ ಸದ್ದುಗಳೆಲ್ಲ ಈಗ ಎದ್ದು ಬಂದವು. ಎಲ್ಲೋ ಒಂದು ಬಿರುಕಿನಲ್ಲಿ ನೀರು ಗುಳುಕ್ ಎಂದು ನುಂಗುತ್ತಿತ್ತು, ಮತ್ತೆ ಉಗುಳುತ್ತಿತ್ತು. ಅವಳದೇ ಉಸಿರು ಬಂಡೆಗೆ ತಾಗಿ ಬೇರೆ ಯಾರೋ ಪಕ್ಕದಲ್ಲಿ ಏದುತ್ತಿರುವಂತೆ ವಾಪಸು ಬರುತ್ತಿತ್ತು.

"ಪ್ರಯೋಂಗಮ್ಮಾ!"

ಮ್ಮಾ, ಮ್ಮಾ ಎಂದು ಕತ್ತಲೆ ಕೂಗಿತು. ಅವಳು ಕಿವಿಗೊಟ್ಟಳು. ಮತ್ತೆ ಕೂಗಿದಳು. ಮುದುಕಿಯ ಹೆಸರು ಬಿಟ್ಟು ಬೇರೆ ಏನೇನೋ ಕೂಗಿದಳು. ದೀಪದ ಬೆಳಕು ತಟ್ಟೆಯಗಲದ್ದು. ಅದರಾಚೆ ಏನಿದ್ದರೂ ಇಲ್ಲದ ಹಾಗೇ. ಖಾಲಿ ಜಾಕೆಟ್ಟೊಂದು ಆ ಬೆಳಕಿನೊಳಕ್ಕೆ ತೇಲಿ ಬಂದರೆ? ಅವಳು ಆ ಯೋಚನೆಯನ್ನು ತಳ್ಳಿದಳು, ಅದು ಮರಳಿ ಬಂತು. ಅಲೆಯೊಂದು ಹಿಂದಿನಿಂದ ಸದ್ದಿಲ್ಲದೆ ಬಂದು ಅವಳನ್ನು ಎತ್ತಿತು, ತಲೆವಸ್ತ್ರ ಚಾವಣಿಗೆ ಸವರಿತು. ಗಂಟಲಿಂದ ಬಂದ ಚೀರಾಟ ತನ್ನದೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ವಾಪಸು ತಿರುಗಿಬಿಡಲೇ? ಕಾಣಲಿಲ್ಲ ಎಂದರೆ ಯಾರೂ ಏನೂ ಅನ್ನಲಾರರು. ಅವಳ ಕಾಲುಗಳು ಆಗಲೇ ತಿರುಗಿದ್ದವು.

ಆಗ ಎಡಗಡೆಯಿಂದ ಗೊಣಗಾಟ ಕೇಳಿಸಿತು.

ದೀಪ ತಿರುಗಿಸಿದಳು. ಮೊದಲು ಬೆರಳುಗಳು ಕಂಡವು. ಬಂಡೆಯ ಅಂಚೊಂದನ್ನು ಹಿಡಿದ ಹತ್ತು ಬೆರಳುಗಳು, ಗೆಣ್ಣುಗಳು ಬಿಳಚಿಕೊಂಡಿದ್ದವು. ಅವುಗಳ ಕೆಳಗೆ ಪ್ರಯೋಂಗಮ್ಮನ ಮುಖ. ನೀರು ಗಲ್ಲದವರೆಗೆ ಇತ್ತು. ಕಣ್ಣು ಮುಚ್ಚಿಕೊಂಡು ಆಕೆ ಬುದ್ಧನ ಮಂತ್ರ ಹೇಳುತ್ತಿದ್ದಳು, ನಡುನಡುವೆ ಯಾರನ್ನೋ ಬೈಯುತ್ತಿದ್ದಳು.

"ಅಮ್ಮಾ, ನಾನು ಬಂದಿದೀನಿ. ನನ್ ಕೈ ಹಿಡ್ಕೊಳ್ಳಿ."

ಕಣ್ಣು ತೆರೆದ ಮುದುಕಿ ಬೆಳಕಿಗೆ ಮುಖ ಕಿವುಚಿದಳು. "ಬೇಡ. ಹಿಡ್ದಿದ್ದಾಯ್ತು ಒಂದ್ಸಲ. ಹಿಡ್ದು ಹತ್ತು ಮಾರು ಹೋದ್ಮೇಲೆ ನೋಡಿದ್ರೆ ಕೈಗೆ ಸಿಕ್ಕಿದ್ದು ಕೋಣನಂಥ ಬೆನ್ನು. ನಮ್ಮ ಉರೈದು ಮೂಳೆ ಮೂಳೆ ಬೆನ್ನು, ನಂಗೆ ಗೊತ್ತಿಲ್ವಾ? ಬಿಟ್ಬಿಟ್ಟೆ. ಕೂಗಿದೆ. ಎಲ್ರೂ ಕೂಗ್ತಿದ್ರು, ನನ್ ಕೂಗು ಯಾರಿಗೆ ಕೇಳುತ್ತೆ?"

"ನೀರು ಏರ್ತಿದೆ ಅಮ್ಮಾ. ಈಗ್ಲೇ ಹೊರಡ್ಬೇಕು."

"ನೀ ಹೋಗು. ಈ ಕಲ್ಲು ಬಿಡಲ್ಲ ನಾನು. ಇದೊಂದೇ ಇಲ್ಲಿ ಅಲುಗಾಡ್ದೇ ಇರೋದು."

ರೊಕಿಯಾ ಆಕೆಯ ಬೆರಳು ಬಿಡಿಸಲು ನೋಡಿದಳು. ಮುದುಕಿ ಕಾಲಿಂದ ಒದ್ದಳು. ಇಬ್ಬರೂ ನೀರು ಕುಡಿದರು. ಇನ್ನೊಂದು ಅಲೆ ಬಂತು. ಈ ಸಲ ಪ್ರಯೋಂಗಮ್ಮನ ಬಾಯಿ ಮುಳುಗಿ, ಕೆಮ್ಮುತ್ತ ಮೇಲೆ ಬಂತು. ಆದರೂ ಕೈ ಬಿಡಲಿಲ್ಲ. ರೊಕಿಯಾಳ ಹಲ್ಲುಗಳು ಕಟಕಟ ಎನ್ನತೊಡಗಿದವು, ಎಷ್ಟು ಕಚ್ಚಿಕೊಂಡರೂ ನಿಲ್ಲಲಿಲ್ಲ.

"ಏನೇ ಅದು ಸದ್ದು?" ಎಂದಳು ಮುದುಕಿ.

"ನನ್ ಹಲ್ಲು."

"ಚಳಿಯಾ?"

"ಹೆದ್ರಿಕೆ." ಹೇಳಿದ ಮೇಲೆ ತಡೆಯಲಾಗಲಿಲ್ಲ. "ಇವತ್ತೇ ಮೊದಲ್ನೇ ಸಲ ನಾನು ಕರ್ಕೊಂಡ್ ಬಂದಿದ್ದು. ಇದು ನನ್ ಗಂಡನ ಕೆಲಸ. ನಂಗೆ ಈ ಕತ್ತಲೆ ಆಗಲ್ಲ ಅಮ್ಮಾ. ನಾನೊಬ್ಳೇ ವಾಪಸ್ ಹೋಗಲ್ಲ. ಸತ್ರೂ ಹೋಗಲ್ಲ."

"ಎಲ್ಲೋದ ನಿನ್ ಗಂಡ?"

"ಕಿವಿ ನೋವು."

"ಕಿವಿ ನೋವಂತೆ! ಹೆಂಡ್ತೀನ ಕತ್ತಲೆಗೆ ಕಳಿಸಿ ಕಿವಿಗೆ ಹತ್ತಿ ಇಟ್ಕೊಂಡು ಮಲಗಿದಾನಾ? ಗಂಡಸ್ರ ಹಣೆಬರಹವೇ ಇಷ್ಟು."

ರೊಕಿಯಾ ತನ್ನ ಹಣೆಯ ದೀಪ ಬಿಚ್ಚಿದಳು. ಬೆಳಕು ಒಂದು ಸುತ್ತು ಚಾವಣಿಯ ಮೇಲೆಲ್ಲ ಓಲಾಡಿತು. ಎಷ್ಟು ಹತ್ತಿರ ಬಂದಿತ್ತು ಚಾವಣಿ! ದೀಪವನ್ನು ಮುದುಕಿಯ ಒದ್ದೆ ಬಿಳಿಗೂದಲ ಮೇಲೆ ಕಟ್ಟಿದಳು.

"ನೀವು ಮುಂದೆ ಹೋಗಿ. ಕೈಯಿಂದ ಬಂಡೆ ಸವರ್ಕೊಂಡೇ ಹೋಗ್ಬೇಕು, ಬಂಡೆ ಬಿಡೋದೇ ಬೇಡ. ಜಾಕೆಟ್ ನಿಮ್ಮನ್ನ ತೇಲಿಸುತ್ತೆ. ನಾನು ನಿಮ್ ಬೆನ್ನು ಹಿಡ್ಕೊಂಡಿರ್ತೀನಿ."

"ನಾನಾ? ಮುಂದೆ?"

"ದೀಪ ಈಗ ನಿಮ್ ಹತ್ರ ಇದೆ. ನೀವು ಹೋಗ್ಲಿಲ್ಲ ಅಂದ್ರೆ ಇಬ್ರೂ ಇಲ್ಲೇ."

ಬಿರುಕು ನೀರನ್ನು ನುಂಗಿತು, ಉಗುಳಿತು. ಆಮೇಲೆ ಬಲಗೈಯ ಹೆಬ್ಬೆರಳು ಬಂಡೆಯಿಂದ ಬಿಟ್ಟಿತು. ಇನ್ನೊಂದು ಬೆರಳು. ಕೈ ಒಂದು ಗೇಣು ಮುಂದಕ್ಕೆ ಹೋಗಿ ಮತ್ತೆ ಬಂಡೆ ಹಿಡಿಯಿತು.

"ಬಿಟ್ಟೀಯಾ ಜೋಕೆ," ಎಂದಳು ಪ್ರಯೋಂಗಮ್ಮ.

ರೊಕಿಯಾ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಈಗ ಅವಳ ಹಿಂದೆ ಯಾರೂ ಇರಲಿಲ್ಲ. ಬೆನ್ನಿಗೆ ಬರೀ ಕತ್ತಲೆ ಅಂಟಿಕೊಂಡಿತ್ತು. ಯಾವುದೋ ತಣ್ಣನೆಯದು ಪಾದಕ್ಕೆ ತಾಗಿದಂತಾದಾಗ ಅವಳು ಕಾಲು ಮುದುಡಿಕೊಂಡಳು. ಮುದುಕಿ ಗೇಣು ಗೇಣಾಗಿ ಸರಿಯುತ್ತ, ಬಂಡೆಯನ್ನು ಬೈದಳು, ಸಿಂಪಿಗಳನ್ನು ಬೈದಳು, ತಂಗಿಯನ್ನು, ಯಾಕೋಬನನ್ನು, ಯಾಕೋಬನ ಕಿವಿಯನ್ನು ಬೈದಳು. ಎರಡು ಸಲ ಅಲೆ ಬಂದಾಗ ಇಬ್ಬರೂ ತಲೆ ತಗ್ಗಿಸಿ ಉಸಿರು ಹಿಡಿದರು. ಬೈಗುಳ ನಿಂತಾಗಲೆಲ್ಲ ರೊಕಿಯಾಳ ಎದೆ ನಿಲ್ಲುತ್ತಿತ್ತು. ಮತ್ತೆ ಶುರುವಾದಾಗ ಪಟ್ಟಿ ಮುಂದಕ್ಕೆ ಎಳೆಯುತ್ತಿತ್ತು. ಕಪ್ಪು ಬೂದಿಯಾಯಿತು. ಬೂದಿ ಹಸಿರಾಯಿತು.

ಹೊರಗೆ ಬಿಸಿಲು ಕಣ್ಣಿಗೆ ಬಡಿಯಿತು. ಹಾರೂನ್ ಬಾಗಿ ಮುದುಕಿಯ ರಟ್ಟೆ ಹಿಡಿದು ಎತ್ತಿದ. ಉರೈ ಅಕ್ಕನನ್ನು ತಬ್ಬಿಕೊಂಡು ಬೆನ್ನಿಗೆ ಹೊಡೆಯುತ್ತ ಅತ್ತಳು. "ಸಾಕು ಬಿಡೇ, ನಿನ್ ಮೂಳೆ ಚುಚ್ಚುತ್ತೆ," ಎಂದ ಪ್ರಯೋಂಗಮ್ಮನ ತುಟಿಗಳು ನೀಲಿಗಟ್ಟಿದ್ದವು. ಆಕೆಯ ಹಣೆಯ ಮೇಲೆ ದೀಪ ಹಗಲಿನಲ್ಲೂ ಉರಿಯುತ್ತಿತ್ತು. ಬ್ಯಾಂಕಾಕಿನ ಯುವಕ ಗುಹೆಗೆ ಬೆನ್ನು ಹಾಕಿ, ಯಾರೋ ಕೊಟ್ಟ ಅನಾನಸ್ ಹೋಳನ್ನು ತಿನ್ನದೆ ಕೈಯಲ್ಲಿ ಹಿಡಿದು ಕುಸಿದು ಕೂತಿದ್ದ. ರೊಕಿಯಾ ಅವನ ಪಕ್ಕದಲ್ಲೇ ಕೂತಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

ಸಿಂಪಿಯ ಗೆರೆಗೆ ಇನ್ನು ನಾಲ್ಕು ಬೆರಳು ಇದ್ದಾಗ ಗುಹೆಯ ಬಾಯಿಂದ ಲೆಪ್ ಹೊರಬಂದ. ಅವನ ಹಿಂದೆ ಕಿತ್ತಳೆ ಸರಪಳಿ, ಎಲ್ಲರೂ ತಲೆ ತಗ್ಗಿಸಿಕೊಂಡು, ಅವಸರ ಅವಸರವಾಗಿ. ಲೆಪ್ ಪಕ್ಕಕ್ಕೆ ಸರಿದು ಒಂದೊಂದು ತಲೆಯನ್ನೂ ಮುಟ್ಟುತ್ತ ಎಣಿಸಿದ. ಮತ್ತೆ ಮೊದಲಿನಿಂದ ಎಣಿಸಿದ, ಈ ಸಲ ನಿಧಾನವಾಗಿ, ತುಟಿ ಅಲುಗಿಸುತ್ತ. ಆಮೇಲೆ ಅವನು ಗುಹೆಯ ಕಡೆಗೆ ತಿರುಗಿದ. ಅವನ ಮುಖ ಬಿಳಿಚಿಕೊಂಡದ್ದು ದೋಣಿಯ ಮೇಲಿನಿಂದಲೂ ಕಾಣಿಸಿತು.

ರೊಕಿಯಾ ಕೂಗಲು ಬಾಯಿ ತೆರೆದಳು. ದನಿ ಬರಲಿಲ್ಲ. ಅವಳು ಯುವಕನ ಮಣಿಕಟ್ಟು ಹಿಡಿದು, ಅನಾನಸ್ ಹೋಳಿನ ಸಮೇತ ಅವನ ಕೈಯನ್ನು ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತಿ ಹಿಡಿದಳು. ಲೆಪ್ ಇತ್ತ ತಿರುಗುವವರೆಗೂ ಇಳಿಸಲಿಲ್ಲ.