ಎರಡು ಚೊಂಬು ನೀರು

ಬಚ್ಚಲು ತಿಕ್ಕುತ್ತಿದ್ದ ಜಂಬಮ್ಮನ ಮೊಣಕೈ ತಾಗಿ ಹಂಡೆಯ ಪಕ್ಕದ ಕ್ಯಾನು ಉರುಳಿತು. ಸೊಸೆ ಗಂಗಾಂಬಿಕಾ ನಿನ್ನೆ ಮುಂಜಾನೆಯಿಂದ ಹನಿ ಬಿಡದೆ ಕೂಡಿಟ್ಟ ಮೂತ್ರ ಅರ್ಧಕ್ಕರ್ಧ ನೊರೆಯಾಗಿ ಮೋರಿ ಸೇರಿತು. ಕಿಡ್ನಿ ಸೋರಿ ಮೈಯ ಪ್ರೋಟೀನು ಹೋಗುತ್ತಿದೆ, ದಿನಕ್ಕೆಷ್ಟು ಹೋಗುತ್ತದೆಂದು ಇನ್ನೊಮ್ಮೆ ಅಳೆದು, ಗುಳಿಗೆ ಹೆಚ್ಚಿಸಬೇಕೋ ನೋಡುತ್ತೇನೆ ಎಂದಿದ್ದರು ಹೊಸಪೇಟೆಯ ಡಾಕ್ಟರು.

"ಪೂಜಿ ನೀರು ಕಾಯೋ ಜಾಗದಾಗ ಉಚ್ಚಿ ಡಬ್ಬಿ ಇಟ್ರ ಇನ್ನೇನಾಗತೈತಿ," ಎಂದು ಗೊಣಗಿ, ಜಂಬಮ್ಮ ಕ್ಯಾನಿಗೆ ಎರಡು ಚೊಂಬು ನೀರು ಸುರಿದಳು. ಕಂಪ್ಲಿಯ ಬೀದಿಗಳಲ್ಲಿ ಹಾಲಿಗೆ ನೀರು ಬೆರೆಸಿ ಮಾರಿ ಮಗನನ್ನು ಬೆಳೆಸಿದ ಕೈ. ಕ್ಯಾನು ಮೊದಲಿನ ಮಟ್ಟಕ್ಕೇ ಬಂದು ನಿಂತಿತು.

ವಾರದ ಮೇಲೆ ಡಾಕ್ಟರು ರಿಪೋರ್ಟು ನೋಡಿ ನಕ್ಕರು. "ಪ್ರೋಟೀನು ಹೋಗೋದು ಹೋದ ಸಲಕ್ಕಿಂತ ಅರ್ಧಕ್ಕ ಇಳದೈತಮ್ಮ. ಇದ ಗುಳಿಗಿ ಸಾಕು. ಉಪ್ಪು ಕಮ್ಮಿ ಮಾಡು, ಆರು ತಿಂಗಳು ಬಿಟ್ಟು ಬಾ."

"ಮತ್ತ ಕಾಲು ಬಾತಾವಲ್ರೀ?" ಎಂದಳು ಗಂಗಾಂಬಿಕಾ.

"ಕುಂತು ಉಂಡ್ರ ಬಾಯದ ಇರ್ತಾವೇನು," ಎಂದಳು ಜೊತೆಗೆ ಬಂದಿದ್ದ ಜಂಬಮ್ಮ. ಕ್ಯಾನಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು.

ಗಂಗಾಂಬಿಕಾಳಿಗೆ ನಂಬಿಕೆ ಬರಲಿಲ್ಲ. ಸಂಡೂರಿನ ಅಣ್ಣ ಸಿದ್ದಲಿಂಗೇಶ್ ಮನೆ ಪಾಲಿನ ಜಗಳವಾದಂದಿನಿಂದ ಈ ಮನೆಯ ಫೋನು ಎತ್ತುತ್ತಿರಲಿಲ್ಲ. 'ಅಣ್ಣಾ, ನನ್ನ ಬಳ್ಳಾರಿ ದೊಡ್ಡಾಸ್ಪತ್ರೆಗೆ ತೋರಿಸು' ಎಂದು ಕಾಗದ ಬರೆದು, ಅಂಚೆಗೆ ಹಾಕಲು ಸಂತೆಗೆ ಹೊರಟ ಅತ್ತೆಯ ಕೈಗೆ ಕೊಟ್ಟಳು. ಜಂಬಮ್ಮ ಲಕೋಟೆ ಬಿಚ್ಚಿ, ಅಕ್ಷರ ಕೂಡಿಸಿ ಓದಿ, ಅಕ್ಕಿ ಡಬ್ಬಿಯ ತಳಕ್ಕಿಟ್ಟಳು.

"ಅಣ್ಣನ ಕಾಗದ ಬಂತೇನ್ರಿ ಅತ್ತಿ?"

"ಎಲ್ಲೀದು ಬರತೈತಿ. ಅವ ನಿನ್ನ ಮರ್ತು ಎಷ್ಟು ದಿನಾ ಆತು."

ನಾಲ್ಕೈದು ಸಲ ಕೇಳಿ ಆಕೆ ಕೇಳುವುದನ್ನು ಬಿಟ್ಟಳು. ಆರು ತಿಂಗಳು ತುಂಬುವ ಮೊದಲೇ ಆಕೆಗೆ ಉಸಿರು ಕಟ್ಟಿತು, ಬಳ್ಳಾರಿಗೆ ಒಯ್ದರು. ಬಳ್ಳಾರಿಯ ಡಾಕ್ಟರು ಎರಡೂ ಕಿಡ್ನಿ ಮುಗಿದಿವೆ ಎಂದರು.

"ಡಯಾಲಿಸಿಸ್ ನಡೀಲಿ. ಮುಂದ ಕಿಡ್ನಿ ಕೊಡೋರು ಬೇಕು. ಒಡಹುಟ್ಟಿದೋರು ಇಲ್ಲಂದ್ರ ಗಂಡನ್ನ ಟೆಸ್ಟ್ ಮಾಡ್ತೀವಿ."

ಗಂಡ ಕೊಟ್ರಬಸಪ್ಪ ಅಂಗಿಯ ತೋಳು ಮಡಚತೊಡಗಿದ. "ಮಾಡ್ರಿ ಸಾರ್."

"ತಡೀಲೇ," ಜಂಬಮ್ಮ ಮಗನ ಕೈ ಹಿಡಿದಳು. "ಆಕಿಗೆ ಅಣ್ಣ ಅದಾನ."

ಸಂಜೆಯ ಬಸ್ಸಿಗೇ ಕಂಪ್ಲಿಗೆ ಬಂದಳು. ಅಕ್ಕಿ ಡಬ್ಬಿಗೆ ಮೊಣಕೈತನಕ ಕೈ ಇಳಿಸಿ ಕಾಗದ ತೆಗೆದು, ಸೆರಗಿನಿಂದ ಹುಡಿ ಒರೆಸಿದಳು. ಮೇಲಿನ ತಾರೀಖಿಗೆ ಉಗುಳು ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದಳು. ಶಾಯಿ ಕದಡಿ ನೀಲಿ ಮಚ್ಚೆಯಾಯಿತು. ಲಕೋಟೆಯ ಬಾಯಿಗೆ ಎರಡು ಅನ್ನದ ಅಗಳು ಒತ್ತಿ ಅಂಟಿಸಿ, ಅಂಚೆ ಡಬ್ಬಿಗೆ ಹಾಕಿದಳು. ಒಳಗೆ ಬಿದ್ದ ಸದ್ದು ಕೇಳಲಿಲ್ಲವೆಂದು ಡಬ್ಬಿಯನ್ನು ಎರಡು ಸಲ ಬಡಿದಳು.