ಹಿಮದ ಆನೆ ಮತ್ತು ಒಂದು ಚಿಟಿಕೆ ವಿಭೂತಿ

ನಾನು ಒಂದು ಬೆಳ್ಳಿಯ ಪ್ರೂಫ್ ನಾಣ್ಯ, ಚಲಾವಣೆಗಲ್ಲ, ಸಂಗ್ರಹಕಾರರಿಗೆಂದೇ ಮಾಡಿದ್ದು. ಟಂಕಸಾಲೆಯಲ್ಲಿ ಕನ್ನಡಿಯಂತೆ ನುಣುಪಾಗಿಸಿದ ಅಚ್ಚಿನಡಿ ನನ್ನನ್ನು ಎರಡು ಬಾರಿ ಒತ್ತಿದರು. ಅಚ್ಚಿನಲ್ಲಿ ಆನೆಯ ಆಕೃತಿಯಷ್ಟನ್ನೇ ಸೂಕ್ಷ್ಮವಾಗಿ ತರಿತರಿಯಾಗಿಸಿದ್ದರು. ಆದ್ದರಿಂದ ಆನೆಯ ಸುತ್ತಲಿನ ನನ್ನ ಬಯಲು ಕಪ್ಪು ಕೊಳದಂತೆ ಹೊಳೆಯಿತು. ನಡುವಿನ ಆನೆ ಹಿಮ ಕವಿದಂತೆ ಬೆಳ್ಳಗೆ ನಿಂತಿತು. ಆ ಹಿಮ ಲೇಪವಲ್ಲ, ಬೆಳಕನ್ನು ಚದುರಿಸುವ ನನ್ನದೇ ಮೈ. ಸವೆದರೆ ಮರಳಿ ಬಾರದು.

ಮೊದಲ ಒಡೆಯರಾದ ನಿವೃತ್ತ ಸ್ಟೇಷನ್ ಮಾಸ್ತರರು ನನ್ನನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಹೊರತೆಗೆಯದೆಯೇ ತೀರಿಕೊಂಡರು. ಅವರ ಮಕ್ಕಳಿಂದ ನನ್ನನ್ನು ಕೊಂಡವರು ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ ಗುರುಪಾದ ಹಂಚಿನಮನಿ. ನಾಣ್ಯ ಕೂಡಿಸುವುದಕ್ಕಿಂತ ಅವುಗಳ ಫೋಟೊ ತೆಗೆಯುವ ಹುಚ್ಚು ಅವರಿಗೆ ಹೆಚ್ಚು.

ದೀಪಾವಳಿಯ ಲಕ್ಷ್ಮೀಪೂಜೆಗೆಂದು ಅವರ ಹೆಂಡತಿ ನೀಲಾಂಬಿಕಾ ಮನೆಯ ಬೆಳ್ಳಿಯನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು.

"ಆ ಆನಿ ನಾಣ್ಯಾನೂ ಕೊಡ್ರಿ, ಲಕ್ಷ್ಮೀ ಮುಂದ ಇಡೋಣು."

"ಡಬ್ಬಿ ಬಿಚ್ಚೀದಿ ನೋಡು! ನಿನ್ನ ಹುಣಸಿಹಣ್ಣು ಅದರ ಹತ್ರ ಸುಳೀಬಾರದು."

"ಅಯ್ಯ, ಲಕ್ಷ್ಮೀಗೂ ಹೇಳತೇನಿ ಬಿಡ್ರಿ, ಕೈ ಹಚ್ಚಬ್ಯಾಡವಾ ಅಂತ!"

ಡಬ್ಬಿಸಮೇತ ಇಟ್ಟರು, ಡಬ್ಬಿಸಮೇತ ಮರಳಿಸಿದರು.

ಮರುದಿನ ಬೆಳಿಗ್ಗೆ ಡಬ್ಬಿ ಬಿಚ್ಚಿದವರು ಗುರುಪಾದರೇ. ಪ್ಲಾಸ್ಟಿಕ್ಕಿನಲ್ಲಿ ದೀಪ ಪ್ರತಿಫಲಿಸಿ ಫೋಟೊ ಕೆಡುತ್ತಿತ್ತು. ಓರೆ ಬೆಳಕಿನಲ್ಲಿ ಅಪೂರ್ವವಾದ ಚಿತ್ರವೊಂದನ್ನು ತೆಗೆದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಮೇಲೆ ಬಾಗಿಕೊಂಡೇ ಫೋನಿನಲ್ಲಿ ಗೆಳೆಯನಿಗೆ ಬಡಾಯಿ ಕೊಚ್ಚಿದರು. ಉಗುಳಿನ ಹನಿಯೊಂದು ಆನೆಯ ಬೆನ್ನಿಗೆ ಬಿತ್ತು. ಗಾಬರಿಯಿಂದ ಒರೆಸಿದರು. ಕಲೆ ಹರಡಿತು. ಆಗ, ಹುಣಸೆಹಣ್ಣನ್ನು ಹಳಿದ ಆ ವಿಜ್ಞಾನಿ ದೇವರ ಮನೆಯ ವಿಭೂತಿಯನ್ನು ಬಟ್ಟೆಗೆ ಹಚ್ಚಿ ನನ್ನನ್ನು ಉಜ್ಜಿದ! ಆನೆಯ ಬೆನ್ನಿನ ಹಿಮ ಹೋಯಿತು. ಕನ್ನಡಿಯಂಥ ಬಯಲಿನ ತುಂಬ ಕೂದಲೆಳೆಯಂಥ ಗೀರುಗಳು.

ಸಂಜೆ ನಾಣ್ಯ ಕೂಡಿಸುವ ಗೆಳೆಯರು ನೋಡಲು ಬಂದರು.

"ಏನಾತೋ ಇದಕ್ಕ?"

"ಏನ್ ಹೇಳ್ಲಿ ಮಾರಾಯಾ! ನಮ್ಮನಿಯಾಕಿ ಪೂಜಾಕ್ಕಂತ ತಿಕ್ಕಿಬಿಟ್ಲು."

"ಹೆಂಗಸರ ಕೈಯಾಗ ಕೊಟ್ಟಿದ್ದ ತಪ್ಪು ಬಿಡು!" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು.

ಚಹಾ ತಂದ ನೀಲಾಂಬಿಕಾ ಬಾಗಿಲಲ್ಲೇ ನಿಂತರು. ನಾಲಗೆಯಿಲ್ಲದ ಲೋಹವಾಗಿ ಹುಟ್ಟಿದ್ದಕ್ಕೆ ಅಂದಿನಷ್ಟು ನಾನೆಂದೂ ಕುದಿದಿಲ್ಲ. ಆಕೆ ಚಹಾ ಇಳಿಸಿ, ಗಂಡನೆದುರು ಅಂಗೈ ಚಾಚಿದರು.

"ತಿಕ್ಕಿದಾಕಿ ನಾನ ಅಂದಮ್ಯಾಲೆ ಇದು ದೇವರ ಮನೀದಾತು. ಕೊಡ್ರಿಲ್ಲೆ."

ಅವನು ತಲೆಯೆತ್ತದೆ ಕೊಟ್ಟ.

ಈಗ ನಾನು ದೇವರ ತಟ್ಟೆಯಲ್ಲಿದ್ದೇನೆ, ದಿನೇ ದಿನೇ ಕಪ್ಪಾಗುತ್ತಿದ್ದೇನೆ. ಪಡಸಾಲೆಯ ಗೋಡೆಯಲ್ಲಿ ನನ್ನ ಹಿಮದ ಚಿತ್ರ ತೂಗುತ್ತಿದೆ. ಬಂದವರಿಗೆಲ್ಲ ಗುರುಪಾದ ಅದರ ಕೆಳಗೆ ನಿಂತು ಅದೇ ಸುಳ್ಳನ್ನು ಹೇಳುತ್ತಾನೆ. ಪ್ರತಿ ದೀಪಾವಳಿಗೆ ನೀಲಾಂಬಿಕಾ ತಟ್ಟೆಯ ಉಳಿದ ಬೆಳ್ಳಿಯನ್ನೆಲ್ಲ ಹುಣಸೆಹಣ್ಣಿನಿಂದ ಬೆಳಗುತ್ತಾರೆ. ನನ್ನನ್ನು ಮಾತ್ರ ಅಂಚು ಹಿಡಿದೆತ್ತಿ, ಉಜ್ಜದೆ, ಹಾಗೆಯೇ ಇಡುತ್ತಾರೆ. ಅವನು ಅದನ್ನು ನೋಡುತ್ತಾನೆ, ನೋಡದಂತೆ ಕೈಮುಗಿಯುತ್ತಾನೆ.

ಏನೇ ಆದರೂ ಕಪ್ಪಾಗದಿರುವುದು ಚಿನ್ನದ ಗುಣ. ನಾನು ಬೆಳ್ಳಿ.